ಮೋಟಣ್ಣ ಎತ್ತಿಟ್ಟ ಕೆಂಪು ಬೀಗ

ಅವನನ್ನು ಎಲ್ಲರೂ ಕರೆಯುವುದು ಮೋಟಣ್ಣ ಎಂದೇ. ಬಲಗೈಯ ತೋರುಬೆರಳು ಅರ್ಧಕ್ಕೇ ಮುಗಿದುಹೋಗಿದೆ; ಹೆಸರು ಅಲ್ಲಿಂದ ಬಂತು. ಪಂಪು, ಮೋಟಾರು ರಿಪೇರಿಯಲ್ಲಿ ಇಪ್ಪತ್ತೈದು ವರ್ಷ ಪಳಗಿದ ಫಿಟ್ಟರ್. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡರೆ ಸಾಕು, ಯಾವ ಬೇರಿಂಗ್ ಹೋಗಿದೆ ಎಂದು ಹೇಳಿಬಿಡುತ್ತಾನೆ.

ಬೆರಳು ಹೋದದ್ದು ಆರು ವರ್ಷದ ಹಿಂದೆ. ಇವನು ಪಂಪಿಗೆ ಕೈ ಹಾಕಿದ್ದಾಗ, ಅದೇ ಶೆಡ್ಡಿನಲ್ಲಿ ಕೆಲಸ ಮಾಡುವ ಬಾಮೈದ ಸ್ವಿಚ್ ಒತ್ತಿದ. ಅಂದಿನಿಂದ ಮಾತಿಲ್ಲ. ಸ್ಪ್ಯಾನರ್ ಬೇಕಾದರೂ "ಅದನ್ನ ಇತ್ಲಾಗೆ ಕೊಡೋಕೆ ಹೇಳು ಅವನಿಗೆ" ಎಂದು ಗೋಡೆಗೆ ಹೇಳುವುದು.

"ಅವನ ಮುಖ ನೋಡ್ಕೊಂಡು ಇನ್ನೆಷ್ಟು ದಿನ ಸಾಯ್ಲಿ?" ಎಂದು ಹೆಂಡತಿಯ ಮೇಲೆ ಹಾರಾಡುತ್ತಿದ್ದವನಿಗೆ ಊರಾಚೆಯ ಕಾಗದದ ಕಾರ್ಖಾನೆಗೆ ಫಿಟ್ಟರುಗಳು ಬೇಕೆಂಬ ಸುದ್ದಿ ಸಿಕ್ಕಿತು. ನಲವತ್ತೈದು ದಾಟಿದವರು ಬೇಡವಂತೆ. ಇವನಿಗೆ ಇನ್ನೆರಡು ತಿಂಗಳು ಬಾಕಿ. ಇದು ಕೈತಪ್ಪಿದರೆ ಕಡೆತನಕ ಅದೇ ಶೆಡ್ಡು, ಅದೇ ಬಾಮೈದ.

ಅರ್ಜಿಯೋ, ಏಳು ಹಾಳೆ! ಹವ್ಯಾಸ ಏನೆಂದು ಕೇಳಿದ್ದರು. ನಟ್ಟು ಬಿಚ್ಚುವವನ ಹವ್ಯಾಸ ಕಟ್ಟಿಕೊಂಡು ಅವರಿಗೇನಾಗಬೇಕೋ!

"ಸಿಡುಕೋದು ಅಂತ ಬರೀರಿ" ಎಂದಳು ಹೆಂಡತಿ.

ಅಂತೂ ಕರೆ ಬಂತು. ಬರಹದ ಪರೀಕ್ಷೆಯಲ್ಲಿ ಹೇಗೋ ದಡ ಸೇರಿದ. ಉಳಿದದ್ದು ಕೈಕೆಲಸದ ಪರೀಕ್ಷೆ.

ಆ ದಿನ ಕಾರ್ಖಾನೆಯ ಬಾಗಿಲು ದಾಟಿದವನು ನಿಂತಲ್ಲೇ ನಿಂತ. ಅವನ ಶೆಡ್ಡಿನಂಥವು ಹತ್ತನ್ನು ಸಾಲಾಗಿ ಇಟ್ಟಷ್ಟು ಉದ್ದದ ಯಂತ್ರ. ಈ ತುದಿಯಲ್ಲಿ ಗಂಜಿಯಂಥ ನೀರು, ಆ ತುದಿಯಲ್ಲಿ ಹಾಲುಬಿಳಿಯ ಕಾಗದ. ನೆಲದ ಮೇಲೆ ಒಂದು ಹನಿ ಎಣ್ಣೆಯಿಲ್ಲ. ಮೋಟಣ್ಣ ಬೂಟಿನ ಅಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಿವಿಗೊಟ್ಟ. ನೂರಾರು ಬೇರಿಂಗು, ಒಂದೂ ನರಳುತ್ತಿಲ್ಲ!

ಪರೀಕ್ಷೆ ನಡೆಸುವವರು ಒಬ್ಬ ಇಂಜಿನಿಯರಮ್ಮ. ಮೂಲೆಯ ಪಂಪೊಂದನ್ನು ತೋರಿಸಿ, "ಒದರ್ತಾ ಇದೆ. ಸರಿ ಮಾಡಿ. ಬೇಕಾದ್ದೆಲ್ಲ ಮೇಜಿನ ಮೇಲಿದೆ" ಎಂದರು. ಮೇಜಿನ ಮೇಲೆ ಸ್ಪ್ಯಾನರುಗಳು, ಬಟ್ಟೆ, ಹೊಸ ಬಿಡಿಭಾಗಗಳು, ಒಂದು ಕೆಂಪು ಬೀಗ.

"ಯಾರೋ ಬೀಗ ಮರ್ತು ಹೋಗಿದಾರೆ ಮೇಡಂ, ಕಳೆದುಹೋದೀತು" ಎಂದು ಅದನ್ನೆತ್ತಿ ಅವರ ಕೈಗೇ ಕೊಟ್ಟ. ಆಮೇಲೆ ಪಂಪಿನ ಸ್ವಿಚ್ ಆರಿಸಿ, ಶೆಡ್ಡಿನ ರೂಢಿಯಂತೆ ಗಂಟಲು ಹರಿಯುವಂತೆ ಕೂಗಿದ: "ಸ್ವಿಚ್ ಮುಟ್ಬೇಡ್ರಪ್ಪೋ!" ಕೈ ಹಾಕಿದ. ಅರ್ಧ ಗಂಟೆಯಲ್ಲಿ ಪಂಪು ಬೆಣ್ಣೆಯಂತೆ ಓಡಿತು.

"ಕೆಲಸಕ್ಕೆ ನೂರಕ್ಕೆ ನೂರು" ಎಂದರು ಇಂಜಿನಿಯರಮ್ಮ. "ಆದ್ರೆ ನಿಮ್ಮನ್ನ ತಗೊಳ್ಳೋಕಾಗಲ್ಲ."

ಮೋಟಣ್ಣನಿಗೆ ನೆತ್ತಿಗೇರಿತು. "ಯಾಕೆ? ಮೋಟು ಬೆರಳು ನೋಡಿ ಬೇಡ ಅಂದ್ರಾ?"

"ಇರೋ ಬೆರಳು ಉಳೀಲಿ ಅಂತ. ಈ ಬೀಗ ನಿಮಗೇ ಇಟ್ಟಿದ್ದು. ಬನ್ನಿ."

ಅಷ್ಟರಲ್ಲಿ ರಿಪೇರಿಗೆಂದು ದೊಡ್ಡ ಯಂತ್ರವನ್ನು ನಿಲ್ಲಿಸಿದ್ದರು. ನಾಲ್ವರು ಫಿಟ್ಟರುಗಳು ತಮ್ಮ ತಮ್ಮ ಬೀಗವನ್ನು ಸ್ವಿಚ್ಚಿಗೆ ಜಡಿದು, ಕೀಲಿಕೈ ಜೇಬಿಗಿಳಿಸಿ ಒಳಗೆ ನುಸುಳಿದರು. ಸ್ವಲ್ಪ ಹೊತ್ತಿಗೆ ಮೂವರು ಹೊರಬಂದು ತಮ್ಮ ಬೀಗ ತೆಗೆದರು. ಒಂದು ಉಳಿಯಿತು. ಕೋಟು ಹಾಕಿದ ಮ್ಯಾನೇಜರು ಗಡಿಯಾರ ನೋಡಿಕೊಳ್ಳುತ್ತ ಕಾದು ನಿಂತಿದ್ದ.

"ಇನ್ನೊಬ್ಬ?" ಎಂದ ಮೋಟಣ್ಣ.

"ಒಳಗೆ ನಟ್ಟು ಬೀಳಿಸ್ಕೊಂಡು ಹುಡುಕ್ತಿದಾನೆ."

"ಇಷ್ಟು ದೊಡ್ಡ ಯಂತ್ರ ಒಬ್ಬ ಫಿಟ್ಟರಿಗೋಸ್ಕರ ಕಾಯುತ್ತಾ?"

"ಮಾಲೀಕರು ಬಂದ್ರೂ ಕಾಯ್ತಾರೆ. ಅವನ ಬೀಗ ಅವನೇ ತೆಗೀಬೇಕು. ಅಲ್ಲೀತನಕ ಸ್ವಿಚ್ ಯಾರೂ ಒತ್ತೋಕಾಗಲ್ಲ."

ಮೋಟಣ್ಣ ಬಾಯಿ ತೆರೆದುಕೊಂಡೇ ಆ ಬೀಗವನ್ನು ನೋಡಿದ. ನೆಲ್ಲಿಕಾಯಿಯಷ್ಟಿದೆ, ಆನೆಯಂಥ ಯಂತ್ರವನ್ನು ಕಟ್ಟಿಹಾಕಿದೆ. ಬೆರಳು ಹೋದ ದಿನವೂ ತಾನು ಹೀಗೇ ಕೂಗಿದ್ದ. ಗ್ರೈಂಡರಿನ ಸದ್ದಿನಲ್ಲಿ ಕೇಳಿಸಲಿಲ್ಲ ಭಾವ ಎಂದು ಬಾಮೈದ ಅತ್ತಿದ್ದ; ಅದು ತನಗೆ ಕೇಳಿಸಿರಲಿಲ್ಲ.

"ಇನ್ನೊಂದ್ಸಲ ಪರೀಕ್ಷೆ ಕೊಡ್ಲಾ ಮೇಡಂ?"

"ಮುಂದಿನ ವರ್ಷವೇ."

ಅಷ್ಟೊತ್ತಿಗೆ ವಯಸ್ಸು ದಾಟಿರುತ್ತದೆ. ಇಬ್ಬರಿಗೂ ಗೊತ್ತಿತ್ತು. ಅವನು ತಲೆಯಾಡಿಸಿ, ಕೊನೆಯ ಫಿಟ್ಟರ್ ಹೊರಬಂದು ಬೀಗ ತೆಗೆಯುವವರೆಗೆ ನಿಂತು ನೋಡಿ ಹೊರಟ.

ಮಾರನೆಯ ಬೆಳಿಗ್ಗೆ ಬಾಮೈದ ಪಂಪಿಗೆ ಕೈ ಹಾಕುವಾಗ ಶೆಡ್ಡಿನ ಸ್ವಿಚ್ ಪೆಟ್ಟಿಗೆಗೆ ಬೀಗ ಬಿತ್ತು.

"ಏನಯ್ಯಾ, ನನ್ನ ಶೆಡ್ಡಿಗೇ ಬೀಗ ಹಾಕ್ತೀಯಾ?" ಎಂದು ಯಜಮಾನ ರೇಗಿದ.

"ಸ್ವಲ್ಪ ಕಾಯ್ರಿ ಯಜಮಾನ್ರೇ. ಕೋಟು ಹಾಕ್ಕೊಂಡೋರೇ ಕಾಯ್ತಾರೆ" ಎಂದು ಮೋಟಣ್ಣ ಕೀಲಿಕೈಯನ್ನು ಬಾಮೈದನತ್ತ ಚಾಚಿದ. "ತಗೋ. ಬೀಗ ನಿಂದು. ಕೀಲಿ ಕಳ್ಕೊಂಡೀಯ, ಜೋಕೆ!"

ಬಾಮೈದ ಹಿಂದೆ ತಿರುಗಿ ನೋಡಿದ. "ನಂಗಾ ಭಾವ?"

"ಮತ್ತೆ ಗೋಡೆಗಾ?"