ಕೊಂಬು ತೊಳೆಯುವ ಅಡವಯ್ಯ

ಐ.ಡಿ.ಹಳ್ಳಿಯ ಆಚೆ, ಗುಡ್ಡದ ಬುಡದಲ್ಲಿ ನಲವತ್ತು ಮನೆಗಳ ಒಂದು ಹಟ್ಟಿಯಿತ್ತು. ಪ್ಲೇಗು ಬಂದು ಹೋದ ಮೂರನೆಯ ವರ್ಷ ಆ ಹಟ್ಟಿಗೆ ಕರಡಿಯ ಕಾಟ ಶುರುವಾಯಿತು. ಸೌದೆಗೆ ಹೋಗಿದ್ದ ಮುನಿಯಮ್ಮ ಎಂಬ ಹೆಂಗಸನ್ನು ಅದು ಹಾಡಹಗಲಲ್ಲೇ ಸೀಳಿ ಹಾಕಿತು. ಎಂಟು ದಿನ ಕಳೆದ ಮೇಲೆ ಕುರಿ ಕಾಯುವ ಮುದುಕನೊಬ್ಬನ ಹೆಣ ಬಂಡೆಗಳ ಸಂದಿನಲ್ಲಿ ಸಿಕ್ಕಿತು. ತಲೆಯ ಮೇಲೆ ಚರ್ಮವೇ ಇರಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ದಿನವೇ ಗಂಡಸರೆಲ್ಲ ಕೂತು, ಗುಡ್ಡವನ್ನು ಸುತ್ತುಗಟ್ಟಿ ಕರಡಿಯನ್ನು ಅಟ್ಟಿ ಕೊಲ್ಲುವುದೆಂದು ತೀರ್ಮಾನ ಮಾಡಿದರು.

ಹಟ್ಟಿಯ ಕೊಂಬು ಇದ್ದದ್ದು ಅಡವಯ್ಯನ ಮನೆಯಲ್ಲಿ. ಅವನ ತಾತ ಊದುತ್ತಿದ್ದ, ಅಪ್ಪ ಊದುತ್ತಿದ್ದ. ಆಳುದ್ದದ ಹಿತ್ತಾಳೆಯ ಕೊಂಬು ಅದು. ಮೂರು ತುಂಡುಗಳನ್ನು ಒಂದರೊಳಗೊಂದು ಕೂರಿಸಿ, ಸಂದಿಗೆ ಮೇಣ ಮೆತ್ತಿದರೆ ಮೂರನೆಯ ದಿನದ ಚಂದ್ರನ ಹಾಗೆ ಬಾಗಿ ನಿಲ್ಲುತ್ತಿತ್ತು. ಅಪ್ಪ ಪ್ಲೇಗಿನಲ್ಲಿ ಹೋದ ಮೇಲೆ ಇಪ್ಪತ್ತನಾಲ್ಕು ವರ್ಷದ ಅಡವಯ್ಯನೇ ಊದುಗಾರನಾದ. ಅಪ್ಪ ತಿಂಗಳಿಗೊಮ್ಮೆ ಕೊಂಬನ್ನು ಬಿಚ್ಚಿ, ಹುಣಸೆನೀರು ಹುಯ್ದು, ಒಳಗೆ ದಾರಕ್ಕೆ ಕಟ್ಟಿದ ಬಟ್ಟೆ ಎಳೆಯುತ್ತಿದ್ದುದನ್ನು ಅವನು ನೋಡಿದ್ದ. ಆದರೆ ಅದು ಅವನಿಗೆ ಮುದುಕರ ಕೆಲಸವಾಗಿ ಕಂಡಿತ್ತು. ಮದುವೆಗೆ ಕರೆ ಬಂದಾಗ ಹೊರಮೈಯನ್ನು ಮಾತ್ರ ಹೊಳೆಯುವಂತೆ ಉಜ್ಜಿಕೊಂಡು ಹೋಗುತ್ತಿದ್ದ. ಮದುವೆಗಳು ಮುಗಿದ ಮೇಲೆ ಗೋಡೆಯ ಗೂಟಕ್ಕೆ ನೇತುಹಾಕಿದರೆ ಮುಂದಿನ ಕರೆಯವರೆಗೆ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ.

ಬೇಟೆಯಲ್ಲಿ ಜನರನ್ನು ಮುಂದೆ ನಡೆಸುವುದು ತಮಟೆ. ಬಾಯಿಕೂಗು ಮುಳುಗಿಹೋಗುವ ಆ ಸದ್ದಿನಲ್ಲಿ ಕೊಂಬು ಊದುವುದು ಒಂದಕ್ಕೇ: ಪ್ರಾಣಿ ತಿರುಗಿಬಿದ್ದಿದೆ, ಇದ್ದಲ್ಲಿಂದಲೇ ಬಂಡೆ ಹತ್ತಿರಿ ಎಂದು ಹೇಳುವುದಕ್ಕೆ. ಅದಕ್ಕೇ ಊದುಗಾರನನ್ನು ಎಲ್ಲ ಕಾಣುವ ಎತ್ತರದ ಜಾಗದಲ್ಲಿ ನಿಲ್ಲಿಸುತ್ತಾರೆ. ಹಿಂದಿನ ದಿನ ಊರ ಹೊರಗೆ ಹೋಗಿ ಒಂದು ಸಲ ಊದಿ ನೋಡುವುದು ಅಪ್ಪನ ರೂಢಿಯಾಗಿತ್ತು. ಅಡವಯ್ಯ ಅದನ್ನೂ ಮಾಡಲಿಲ್ಲ. ಗೂಟದಿಂದ ಇಳಿಸಿ, ಮೇಲಿನ ಧೂಳು ಒರೆಸಿ, ಹೆಗಲಿಗೇರಿಸಿಕೊಂಡು ಗುಡ್ಡ ಹತ್ತಿದ.

ತಮಟೆ ಶುರುವಾದ ಸ್ವಲ್ಪ ಹೊತ್ತಿಗೆ ಕರಡಿ ಎದ್ದಿತು. ಬೆನ್ನ ಮೇಲೆ ಮರಿ ಕೂತಿತ್ತು. ಸ್ವಲ್ಪ ದೂರ, ಅದನ್ನು ಹಿಡಿಯಲು ಕೆಳಗೆ ಕಟ್ಟಿದ್ದ ಬಲೆಯ ಕಡೆಗೇ ಓಡಿ, ಏನನ್ನು ಕಂಡಿತೋ, ಥಟ್ಟನೆ ಹಿಂದಕ್ಕೆ ತಿರುಗಿತು. ಅದು ನುಗ್ಗಿದ ಕಾರೆಮುಳ್ಳಿನ ಪೊದೆಯ ಆಚೆ ಬದಿಯಲ್ಲಿ ಭರ್ಜಿ ಹಿಡಿದು ಒಬ್ಬನೇ ನಿಂತಿದ್ದವನು ಅಡವಯ್ಯನ ಒಡಹುಟ್ಟಿದ ಅಣ್ಣ ಓಬಳಯ್ಯ. ಅವನ ಮುಖ ಇನ್ನೊಂದು ಕಡೆಗಿತ್ತು. ಅವನ ಪಕ್ಕದಲ್ಲೇ, ಮೂರು ಹೆಜ್ಜೆಗೆ, ಹತ್ತಲು ಅನುಕೂಲವಾದ ಬಂಡೆಯೂ ಇತ್ತು. ಎಲ್ಲವೂ ಅಡವಯ್ಯನಿಗೆ ಮೇಲಿನಿಂದ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು.

ಅವನು ಎದೆ ತುಂಬ ಉಸಿರು ಎಳೆದುಕೊಂಡು ಊದಿದ. ಬುಸ್ ಎಂದಿತು, ಅಷ್ಟೆ. ಮತ್ತೆ ಊದಿದ. ಉಸಿರು ಕೊಂಬಿನೊಳಗೆ ಎಲ್ಲೋ ತಡೆದು ಬಾಯಿಗೇ ವಾಪಸು ಬಂತು. ಕೆನ್ನೆ ಒಡೆಯುವ ಹಾಗೆ ಮೂರನೆಯ ಸಲ ಊದುವ ಹೊತ್ತಿಗೆ ಕೆಳಗೆ ಕರಡಿ ಅಣ್ಣನ ಮೇಲೆರಗಲು ಎರಡು ಕಾಲಲ್ಲಿ ಎದ್ದು ನಿಂತಿತ್ತು.

ಅಡವಯ್ಯ ಕೊಂಬನ್ನು ಬಿಸಾಡಿ ಸೊಂಟದ ಮಚ್ಚು ಕಿತ್ತುಕೊಂಡು ಬಂಡೆಯಿಂದ ಬಂಡೆಗೆ ಹಾರುತ್ತಾ ಇಳಿದ. ಕರಡಿ ಓಬಳಯ್ಯನನ್ನು ತಬ್ಬಿಕೊಂಡು ಮುಖಕ್ಕೆ ಬಾಯಿ ಹಾಕಿತ್ತು. ಅಡವಯ್ಯ ಅದರ ಕತ್ತಿನ ಮೇಲೆ, ಬೆನ್ನ ಮೇಲೆ, ಎಲ್ಲಿ ಬೀಳುತ್ತಿದೆ ಎಂದು ನೋಡದೆ ಕಡಿದ. ಒಂದು ಸಲ ಅದು ತಿರುಗಿ ಅವನ ಎಡಗೈ ಕಚ್ಚಿತು. ಕಿರುಬೆರಳೂ ಅದರ ಪಕ್ಕದ ಬೆರಳೂ ಕರಡಿಯ ಬಾಯಲ್ಲೇ ಉಳಿದವು. ಉಳಿದವರು ಬಂದು ಭರ್ಜಿಗಳಿಂದ ತಿವಿದು ಅದನ್ನು ಕೆಡವಿದರು. ಯಾರೋ ಮರಿಯನ್ನೂ ಕಲ್ಲಿನಿಂದ ಜಜ್ಜಿದರು. ಓಬಳಯ್ಯನನ್ನು ತಿರುಗಿಸಿ ನೋಡಿದವರು ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ಎಡಗಣ್ಣು ಇರಲಿಲ್ಲ. ಕೆನ್ನೆಯಿರಬೇಕಾದ ಕಡೆ ದವಡೆಯ ಹಲ್ಲುಗಳು ಕಾಣುತ್ತಿದ್ದವು. ಉಸಿರು ಮಾತ್ರ ಇತ್ತು.

ಕಂಬಳಿಯಲ್ಲಿ ಹೊತ್ತು ತಂದು ಅಂಗಳದಲ್ಲಿ ಮಲಗಿಸಿದಾಗ ಅವನ ಹೆಂಡತಿ ಕಾಟಮ್ಮ ಅಳಲಿಲ್ಲ. ಗಂಡನ ಮುಖ ನೋಡಿ, ಆಮೇಲೆ ಮೈದುನನ ಕಡೆ ತಿರುಗಿದಳು.

"ಕೊಂಬು ಯಾಕೆ ಕೂಗ್ಲಿಲ್ಲ?"

"ಊದ್ದೆ ಅತ್ಗೇ. ಮೂರು ಸಲ ಊದ್ದೆ..."

"ಎಲ್ಲೈತೆ ಅದು? ತನ್ನಿ ಇಲ್ಲಿ!"

ಯಾರೋ ತಂದುಕೊಟ್ಟರು. ಅವಳು ಅದರ ತುಂಡುಗಳನ್ನು ಎಳೆದು ಬಿಚ್ಚಿ, ನಡುವಿನ ತುಂಡನ್ನು ಒರಳುಕಲ್ಲಿನ ಮೇಲೆ ಎರಡು ಸಲ ಕುಕ್ಕಿದಳು. ಒಳಗಿನಿಂದ ಕೆಂಪು ಮಣ್ಣಿನ ಗಟ್ಟಿಯೊಂದು ಉದುರಿ ಒಡೆಯಿತು. ಕಡಜ ಕಟ್ಟಿದ ಗೂಡು. ಅದರೊಳಗೆ ಒಣಗಿದ ಹುಳುಗಳು, ಜೇಡಗಳು. ಹಿಂದೆಯೇ ಹಸಿರು ಕಿಲುಬಿನ ಪುಡಿ ಸುರಿಯಿತು. ಹಟ್ಟಿಯವರೆಲ್ಲ ನೋಡಿದರು.

"ಮೇಲೆಲ್ಲಾ ಪಳಪಳ ಅನ್ನಂಗೆ ಉಜ್ಕೊಂಡು ಮದ್ವೆ ಮನೇಲಿ ಮೆರೀತಿದ್ದೆ, ಅಲ್ವೇನೋ?" ಎಂದವಳೇ ಕಾಟಮ್ಮ ಕೈಯಲ್ಲಿದ್ದ ಹಿತ್ತಾಳೆ ತುಂಡನ್ನು ಎರಡೂ ಕೈಯಿಂದ ಎತ್ತಿ ಅವನ ಬಾಯಿಗೆ ಬೀಸಿದಳು. ಅಡವಯ್ಯ ಕೈ ಅಡ್ಡ ತರಲಿಲ್ಲ. ಮೇಲಿನ ನಾಲ್ಕು ಹಲ್ಲು, ಕೆಳಗಿನ ಎರಡು ಮುರಿದವು. ತುಟಿ ಇಬ್ಭಾಗವಾಯಿತು. ಅವನು ಮಂಡಿಯೂರಿ ಕೂತು, ರಕ್ತ ಸುರಿಯುತ್ತಿದ್ದಂತೆಯೇ ಆ ಮಣ್ಣಿನ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದ. ಯಾಕೆ ಆರಿಸಿದನೆಂದು ಅವನಿಗೇ ತಿಳಿಯಲಿಲ್ಲ.

ಓಬಳಯ್ಯ ಸಾಯಲಿಲ್ಲ. ಮೂರು ತಿಂಗಳು ಗಂಜಿಯ ತಿಳಿ ಕುಡಿದು ಬದುಕಿದ. ಮುಖದ ಎಡಭಾಗಕ್ಕೆ ಬಟ್ಟೆ ಸುತ್ತಿಕೊಂಡು ಓಡಾಡಲು ಶುರುಮಾಡಿದ ಮೇಲೆ ಹೆಂಡತಿಯ ಹತ್ತಿರ ತೊದಲು ತೊದಲಾಗಿ ಮಾತಾಡುತ್ತಿದ್ದ. ತಮ್ಮನ ಹತ್ತಿರ ಮಾತಾಡಲಿಲ್ಲ. ತಮ್ಮ ಎದುರಿಗೆ ಬಂದರೆ ಮುಖದ ಬಟ್ಟೆ ತೆಗೆದು ನಿಲ್ಲುತ್ತಿದ್ದ, ಅಷ್ಟೆ. ಬೈದಿದ್ದರೆ ಅಡವಯ್ಯ ತಡೆದುಕೊಳ್ಳುತ್ತಿದ್ದನೇನೋ, ಅದನ್ನು ತಡೆಯಲಾಗಲಿಲ್ಲ. ಒಂದು ಬೆಳಗ್ಗೆ ತಗ್ಗುಬಿದ್ದ ಕೊಂಬನ್ನು ಕಂಬಳಿಯಲ್ಲಿ ಸುತ್ತಿಕೊಂಡು ಸಿರಾದ ದಾರಿ ಹಿಡಿದ.

ಸಿರಾದಲ್ಲಿ ಬುಡನ್ ಸಾಬಿ ಎಂಬ ಕಲಾಯಿಯವನಿದ್ದ. ಪಾತ್ರೆಗೆ ಕಲಾಯಿ ಹಾಕುವುದರ ಜೊತೆಗೆ ಹಿತ್ತಾಳೆಯ ತಗ್ಗು ತೆಗೆಯುವುದೂ ಅವನ ಕಸುಬು. ಅವನು ಕೊಂಬಿನ ತುಂಡನ್ನು ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದ.

"ತಗ್ಗು ಆಮೇಲೆ ತೆಗೀತೀನಿ ಕಣಯ್ಯಾ. ಅಂದರ್ ನೋಡು, ಒಳಗೆಲ್ಲಾ ಹೆಣದ ವಾಸ್ನೆ! ಎಷ್ಟು ವರ್ಷದ ಎಂಜ್ಲು ಇದು? ಕೂತ್ಕೋ, ಮೊದ್ಲು ಸಾಫ್ ಮಾಡು."

ಅಡವಯ್ಯ ಕೂತ. ನದಿಯ ಮರಳು ಹಾಕಿ ಕುಲುಕಲು ಹೋದಾಗ ಸಾಬಿ ಅವನ ತಲೆಗೆ ಇಕ್ಕಳದಿಂದಲೇ ಒಂದು ಕೊಟ್ಟ. ಮರಳು ಒಳಗೆಲ್ಲ ಗೀರು ಹಾಕುತ್ತದೆ, ಆ ಗೀರಿನಲ್ಲಿ ಎಂಜಲು ನಿಲ್ಲುತ್ತದೆ, ಎಂಜಲು ನಿಂತಲ್ಲಿ ಕಿಲುಬು ಹುಟ್ಟುತ್ತದೆ. ಹುಣಸೆಹಣ್ಣನ್ನು ಕುದಿಸಿದ ನೀರು ಹುಯ್ದು, ಎರಡೂ ಬಾಯಿ ಬಿಗಿದು, ಒಂದು ಹಗಲು ಬಿಡಬೇಕು. ಆಮೇಲೆ ಜರಡಿ ಹಿಡಿದ ಬೂದಿಯನ್ನು ಕಲಸಿ ಬಟ್ಟೆಗೆ ಮೆತ್ತಿ ಎಳೆಯಬೇಕು. ಬಾಗಿದ ಕಡೆ ದಾರ ತಾನಾಗಿ ಹೋಗುವುದಿಲ್ಲ. ದಾರದ ತುದಿಗೆ ಸೀಸದ ಗುಂಡು ಕಟ್ಟಿ, ಕೊಂಬನ್ನು ಮೆಲ್ಲಗೆ ಹೊರಳಿಸುತ್ತಾ ಅದನ್ನು ಆಚೆ ಬಾಯಿಗೆ ತರಬೇಕು. ಬಟ್ಟೆ ಮೊದಲು ಕಪ್ಪಗೆ ಬರುತ್ತದೆ, ಆಮೇಲೆ ಹಸಿರು, ಆಮೇಲೆ ಹಳದಿ. ಬೆಳ್ಳಗೆ ಬರುವವರೆಗೆ ಬಿಡುವಂತಿಲ್ಲ. ನೀರಿನ ಪಸೆ ಉಳಿಯದ ಹಾಗೆ ಬಿಸಿಲಿಗಿಟ್ಟು, ಹೊಂಗೆಯೆಣ್ಣೆ ಸವರಿ, ಎರಡೂ ಬಾಯಿಗೆ ಬಟ್ಟೆಯ ಬಿರಡೆ ತುರುಕಬೇಕು. ಹಸಿಯಿದ್ದಾಗ ಬಿರಡೆ ಹಾಕಿದರೆ ಒಳಗೇ ಕೊಳೆಯುತ್ತದೆ.

ತಗ್ಗು ತೆಗೆಸಲು ಬಂದವನು ಸಾಬಿಯ ಹತ್ತಿರ ಎರಡು ವರ್ಷ ಉಳಿದ. ಹಲ್ಲಿಲ್ಲದ ಬಾಯಲ್ಲಿ ಕೊಂಬು ಊದಲು ಬರುತ್ತಿರಲಿಲ್ಲ, ಮೂರು ಬೆರಳಿನ ಕೈಯಲ್ಲಿ ದಾರ ಎಳೆಯಲು ಬರುತ್ತಿತ್ತು. ಆಮೇಲೆ ಹೆಗಲಿಗೊಂದು ಚೀಲ ಹಾಕಿಕೊಂಡು ಮಧುಗಿರಿ, ಕೊರಟಗೆರೆ, ಪಾವಗಡದ ಹಟ್ಟಿಗಳನ್ನು ತಿರುಗಲು ಹೊರಟ. ಎಲ್ಲಿ ಕೊಂಬಿದೆಯೋ ಅಲ್ಲಿಗೆ ಹೋಗಿ ಬಿಚ್ಚಿ ತೊಳೆದುಕೊಡುತ್ತಿದ್ದ. ಹೊಟ್ಟೆಗೆ ಹಿಟ್ಟು, ಮಲಗಲು ಜಗಲಿ ಸಾಕಾಗಿತ್ತು.

ಜನ ಅವನನ್ನು ಕರೆಯುತ್ತಲೂ ಇದ್ದರು, ಹೆದರುತ್ತಲೂ ಇದ್ದರು. ಕೊಳೆತ ಕೊಂಬು ಕಂಡರೆ ಅವನ ತಲೆ ಕೆಡುತ್ತಿತ್ತು. ಸಿದ್ದರಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ ಊದುಗಾರನ ಕೆನ್ನೆಗೆ ಅವನ ಹೆಂಡತಿಯ ಎದುರಿಗೇ ಹೊಡೆದ. ಇನ್ನೊಂದು ಕಡೆ ಒಬ್ಬನ ಕತ್ತು ಹಿಡಿದು, ಕೊಂಬಿನಿಂದ ಇಳಿದ ಕರಿನೀರನ್ನು ಕುಡಿಸಲು ಹೋದ. ಆ ಹಳ್ಳಿಯವರು ಅವನನ್ನು ಬೇವಿನ ಮರಕ್ಕೆ ಕಟ್ಟಿ, ಬೆನ್ನ ಚರ್ಮ ಏಳುವ ಹಾಗೆ ಹುಣಸೆಬರಲಿನಿಂದ ಹೊಡೆದು ಕಳಿಸಿದರು. ಅವನು ಒಂದು ಹೊತ್ತು ಮಲಗಿ, ಎದ್ದು ಮುಂದಿನ ಊರಿಗೆ ನಡೆದ.

ಹೀಗೆ ಹನ್ನೊಂದು ವರ್ಷ ಕಳೆಯಿತು. ಅಷ್ಟರಲ್ಲಿ ರಾಯಚರ್ಲಿನ ಕಡೆಯ ಒಂದು ಹಟ್ಟಿಯಿಂದ ಕರೆ ಬಂತು. ಅಲ್ಲಿ ಚಿರತೆಯೊಂದು ಕುರಿಹಟ್ಟಿಗೆ ನುಗ್ಗುತ್ತಿತ್ತು, ಮರುದಿನ ಬೆಳಗ್ಗೆ ಅದನ್ನು ಅಟ್ಟುವುದಿತ್ತು. ಊದುಗಾರ ಕದಿರಪ್ಪ, ಮೂವತ್ತರ ಆಸುಪಾಸಿನ ಗಟ್ಟಿ ಆಳು. ಅವನ ಮಾವನ ಮನೆಯವರೂ ಬೇಟೆಗೆಂದು ಬಂದಿದ್ದರು. ಅಡವಯ್ಯ ಅಂಗಳದಲ್ಲಿ ಒಲೆ ಹೂಡಿ ಹುಣಸೆನೀರು ಕುದಿಯಲಿಟ್ಟು, ಕೊಂಬು ಬಿಚ್ಚಿ, ಮೊದಲ ಬಟ್ಟೆ ಎಳೆದ. ಬಟ್ಟೆಯ ಜೊತೆ ಕಪ್ಪು ಮುದ್ದೆಯೊಂದು ಬಂತು. ಅದರಲ್ಲಿ ಸತ್ತ ಜಿರಲೆ ಇತ್ತು. ಅದನ್ನು ತೆಗೆದು ಮಾವನ ಮನೆಯವರ ಕಾಲ ಬುಡಕ್ಕೆ ಎಸೆದ.

"ನೋಡಿ, ನಿಮ್ಮ ಅಳಿಯನ ಮರ್ವಾದೆ! ಇದ್ನ ನಂಬ್ಕೊಂಡು ನಾಳೆ ಪೊದೆಗೆ ನುಗ್ತೀರಾ?"

ಕದಿರಪ್ಪನ ಮುಖ ಕಪ್ಪಿಟ್ಟಿತು. "ಏಮಯ್ಯಾ, ಬಾಯಿ ಬಿಗಿ ಹಿಡಿ. ತೊಳ್ದಿದ್ದು ಸಾಕು. ನಾ ಕೊಂಬು ನಾಕಿಚ್ಚೇಯ್." ತನ್ನ ಕೊಂಬು ತನಗೆ ಕೊಡೆಂದು ತೆಲುಗಿನಲ್ಲಿ ಕೇಳುತ್ತಾ ಕೈ ಚಾಚಿದ.

"ಕೊಡಲ್ಲ. ಬಟ್ಟೆ ಬೆಳ್ಳಗೆ ಬರೋಕೆ ಮೂರು ದಿನ ಬೇಕು. ಬೇಟೆ ಮುಂದಕ್ಕಾಕಿ."

"ನಮ್ಮ ತಾತನ ಕೊಂಬು ಅದು! ನುವ್ವೆವಡು?" ನೀನ್ಯಾವನು ಎಂದು ಕೇಳುತ್ತಲೇ ಕದಿರಪ್ಪ ಕೊಂಬಿಗೆ ಕೈ ಹಾಕಿ ಎಳೆದ. ಅಡವಯ್ಯ ಬಿಡಲಿಲ್ಲ. ಇಬ್ಬರೂ ಜಗ್ಗಾಡಿದರು. ಕದಿರಪ್ಪ ಅವನ ಎದೆಗೆ ಒದ್ದ. ಬಿದ್ದವನು ಏಳುತ್ತಾ ಒಲೆಯ ಮೇಲಿನ ಮಡಕೆಯನ್ನೇ ಎತ್ತಿ ಬೀಸಿದ. ಕುದಿಯುವ ಹುಣಸೆನೀರು ಕದಿರಪ್ಪನ ಎದೆ, ಹೊಟ್ಟೆಯ ಮೇಲೆಲ್ಲ ಬಿತ್ತು. ಅವನ ಕಿರುಚಾಟ ಕೇಳಿ ಹಟ್ಟಿಯ ನಾಯಿಗಳೆಲ್ಲ ಬೊಗಳಿದವು. ಕಿರುಚುತ್ತಲೇ ಅವನು ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ಹಿರಿದು ಅಡವಯ್ಯನ ಪಕ್ಕೆಗೆ ಹಾಕಿ ಎಳೆದ.

ಅಡವಯ್ಯ ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು ಕೂತ. ತಾನು ಮಾಡಿದ್ದೇನೆಂದು ಅವನಿಗೆ ಆಗ ಕಂಡಿತು. ಎದುರಿಗೆ ಬೆಂದ ಎದೆಯ ಚರ್ಮ ಸುಲಿದು ಹೊರಳುತ್ತಿದ್ದ ಆ ಆಳಿಗೂ ಒಬ್ಬ ತಾತನಿದ್ದ, ತೊಳೆಯುವುದನ್ನು ಹೇಳಿಕೊಡದೆ ಸತ್ತ ಅಪ್ಪನಿದ್ದ.

ಹಟ್ಟಿಯ ಹಿರಿಯನೊಬ್ಬ ಗಾಯಕ್ಕೆ ಸೊಪ್ಪು ಅರೆದು ಕಟ್ಟಿ, ಐ.ಡಿ.ಹಳ್ಳಿಯ ಆಚೆ ಅಡವಯ್ಯನ ಅಣ್ಣನಿಗೆ ಸುದ್ದಿ ಮುಟ್ಟಿಸಲು ಆಳು ಕಳಿಸಿದ. ಪೊಲೀಸಿನವರು ಬಂದು ಕೇಳಿದಾಗ ಅಡವಯ್ಯ, "ನಾನೇ ಎಡವಿ ಕುಡುಗೋಲಿನ ಮ್ಯಾಲೆ ಬಿದ್ದೆ. ಬೀಳೋವಾಗ ಮಡಕೆ ಅವ್ನ ಮ್ಯಾಲೆ ಉರುಳ್ಕೊಂತು" ಎಂದ. ಕದಿರಪ್ಪನೂ ಮಲಗಿದಲ್ಲಿಂದಲೇ ಹೌದೆಂದು ತಲೆಯಾಡಿಸಿದ.

ನಾಲ್ಕನೆಯ ದಿನ ಅಂಗಳಕ್ಕೆ ಎತ್ತಿನ ಗಾಡಿ ಬಂತು. ಮುಖಕ್ಕೆ ಬಟ್ಟೆ ಸುತ್ತಿದ ಗಂಡಸೊಬ್ಬ ಇಳಿದ. ಹಿಂದೆ ಕಾಟಮ್ಮ. ಇಬ್ಬರೂ ಸೇರಿ ಅಡವಯ್ಯನನ್ನು ಹುಲ್ಲಿನ ಮೇಲೆ ಮಲಗಿಸಿದರು. ಗಾಡಿ ಊರು ದಾಟಿ, ಹಳ್ಳ ದಾಟಿ, ಬಯಲಿಗೆ ಬಂತು. ಕಾಟಮ್ಮ ಅವನ ಒಡೆದ ತುಟಿಗೆ ನೀರು ಹನಿಸುತ್ತಿದ್ದಳು. ಆಗ ಮುಂದೆ ಹಗ್ಗ ಹಿಡಿದು ಕೂತಿದ್ದ ಓಬಳಯ್ಯ, ತಿರುಗಿ ನೋಡದೆಯೇ, ಹರಿದ ಬಾಯಿಂದ ಮಾತನ್ನು ಎಳೆದೆಳೆದು ಹೇಳಿದ:

"ಲೇ ಅಡವಾ. ನಿನ್ನ ಕೊಲ್ಲಾದೇ ಆಗಿದ್ರೆ ನಾನು ಕೊಲ್ಬೇಕಾಗಿತ್ತು ಕಣ್ಲಾ. ಅವನ್ಯಾವನು ನಿನ್ನ ಕೊಲ್ಲಾಕೆ?"

ಅಡವಯ್ಯನಿಗೆ ಅಳು ಬಂತು. ಅತ್ತರೆ ಪಕ್ಕೆಯ ಗಾಯ ಬಿರಿಯುತ್ತಿತ್ತು. "ಅತ್ತಿದ್ದು ಸಾಕು, ಸುಮ್ಕೆ ಮಲ್ಕೋ" ಎಂದು ಕಾಟಮ್ಮ ಗದರಿದಳು.

ಗಾಯ ಮಾಯಲು ಐದು ತಿಂಗಳು ಹಿಡಿಯಿತು. ಅಣ್ಣನ ಮನೆಯಲ್ಲೇ ಮಲಗಿದ್ದ. ಎದ್ದು ಓಡಾಡುವಂತಾದ ಮೇಲೆ ಒಂದು ದಿನ ಚೀಲಕ್ಕೆ ದಾರ, ಸೀಸದ ಗುಂಡು, ಹುಣಸೆಹಣ್ಣು ತುಂಬತೊಡಗಿದ.

"ಎಲ್ಲಿಗ್ಲಾ?" ಎಂದ ಓಬಳಯ್ಯ.

"ಕದಿರಪ್ಪನ ಕೊಂಬು ಅರ್ಧಕ್ಕೇ ನಿಂತೋಯ್ತು ಕಣಣ್ಣೋ."

ಓಬಳಯ್ಯ ಗೋಡೆಯ ಮಚ್ಚು ತೆಗೆದುಕೊಂಡು ತಾನೂ ಹೊರಟ.

ಕದಿರಪ್ಪ ಬಾಗಿಲಲ್ಲಿ ನಿಂತಿದ್ದ. ಅಂಗಿಯಿಲ್ಲದ ಎದೆಯ ಮೇಲೆ ಸುಟ್ಟ ಕಲೆ ನೆರಿಗೆ ನೆರಿಗೆಯಾಗಿ ಹೊಳೆಯುತ್ತಿತ್ತು. ಅಡವಯ್ಯ ಆ ಕಲೆಯನ್ನು ನೋಡಿದ, ತಲೆ ತಗ್ಗಿಸಿದ. "ತಪ್ಪಾಯ್ತು ಕಣಪ್ಪಾ. ಕೊಂಬು ತತ್ತಾ, ಮುಗಿಸ್ಕೊಡ್ತೀನಿ. ನೀನೂ ಕೂತು ಕಲ್ತ್ಕೋ" ಎಂದ. ಕದಿರಪ್ಪ ಒಳಗೆ ಹೋದ. ಬರುವಾಗ ಒಂದು ಕೈಯಲ್ಲಿ ಕೊಂಬಿತ್ತು, ಇನ್ನೊಂದರಲ್ಲಿ ಕುಡುಗೋಲಿತ್ತು.

ಮೂರು ದಿನ ಕೆಲಸ ನಡೆಯಿತು. ಓಬಳಯ್ಯ ಮಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಕದಿರಪ್ಪನನ್ನೇ ನೋಡುತ್ತಾ ಕೂತಿದ್ದ. ಕದಿರಪ್ಪ ಕುಡುಗೋಲನ್ನು ಪಕ್ಕದಲ್ಲಿಟ್ಟುಕೊಂಡು ಅಡವಯ್ಯನ ಕೈ ನೋಡುತ್ತಿದ್ದ. ಎರಡನೆಯ ದಿನ ದಾರದ ಒಂದು ತುದಿಯನ್ನು ತಾನೇ ಹಿಡಿದ. ಮೂರನೆಯ ದಿನ ಮಧ್ಯಾಹ್ನ ಬಟ್ಟೆ ಬೆಳ್ಳಗೆ ಬಂತು. ಕದಿರಪ್ಪನ ಹೆಂಡತಿ ಮೂವರಿಗೂ ಮುದ್ದೆ, ಹುರುಳಿಸಾರು ಬಡಿಸಿದಳು. ಗಂಡಸರು ತಟ್ಟೆಯ ಪಕ್ಕದಲ್ಲೇ ಮಚ್ಚು, ಕುಡುಗೋಲು ಇಟ್ಟುಕೊಂಡು ಉಂಡರು. ಓಬಳಯ್ಯ ಮುಖದ ಬಟ್ಟೆ ಬಿಚ್ಚಿ, ಹೊರಗೆ ಚೆಲ್ಲದ ಹಾಗೆ ಕೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಎರಡನೆಯ ಸಲ ಸಾರು ಹಾಕಿಸಿಕೊಂಡ.