ಓದದೆ ಬಿಟ್ಟ ಮೂರು ಸಾಲು

ನನಗೆ ಅಕ್ಷರ ಕಲಿಸಿದ್ದು ಮನುಷ್ಯರಲ್ಲ, ಯಂತ್ರ. ಐವತ್ತು ದಾಟಿದ ಮೇಲೆ ಕಲಿತೆ. ಪುಣ್ಯಕ್ಕಾಗಿ ಕಲಿಯಲಿಲ್ಲ, ಸಿಟ್ಟಿಗೆ ಕಲಿತೆ.

ಸಿಟ್ಟು ಒಡತಿಯ ಮೇಲೆ. ಕಾಗಾಲದಲ್ಲಿ ಅವಳ ಗದ್ದೆ, ಅವಳ ನೀರುಳ್ಳಿ, ಕೆಲಸ ನನ್ನದು. ಹೆಬಳೆಗೆ ಕೊಟ್ಟ ನನ್ನ ಮಗಳು ಕಾಗದ ಬರೆದರೆ ಅವಳೇ ಓದಿ ಹೇಳಬೇಕಿತ್ತು. ಜಗಲಿಯ ಮೇಲೆ ಅವಳು, ಮೆಟ್ಟಿಲ ಕೆಳಗೆ ನಾನು.

"ಇನ್ನೊಂದ್ಸಲ ಓದಿ ಒಡ್ತಿ" ಅನ್ನುತ್ತಿದ್ದೆ.

"ಕಿವಿಗೆ ಎಂತ ತುಂಬ್ಕಂಡಿದ್ದೆ ಮಾರಾಯ್ತಿ?" ಅನ್ನುತ್ತಿದ್ದಳು, ಆದರೂ ಓದುತ್ತಿದ್ದಳು. ಎರಡು ಸಲ ಕೇಳಿದರೆ ನನಗೆ ಬಾಯಿಪಾಠ. ನಾನು ಮನೆ ಮುಟ್ಟುವ ಮೊದಲೇ ಮಗಳ ಮನೆಯ ಸುದ್ದಿ ಬಾವಿಕಟ್ಟೆ ಮುಟ್ಟಿರುತ್ತಿತ್ತು.

ಒಂದು ವರ್ಷ ಮಗಳು ಎರಡನೆಯ ಬಸುರಿ. ಅದು ನೀರುಳ್ಳಿ ಕಿತ್ತು, ಮಾರಲು ಅದರ ಸೊಪ್ಪು ಸೇರಿಸಿ ಜಡೆ ಹೆಣೆಯುವ ಕಾಲ. ಕಾಗದ ಬಂತು. ಎಲ್ಲರೂ ಸೌಖ್ಯ, ಗದ್ದೆಗೆ ಹಂದಿ ಬಂದಿತ್ತು ಅಂತ ಒಡತಿ ಓದಿದಳು. ಆಮೇಲೆ ಮಗಳ ಕಾಗದವೇ ನಿಂತಿತು. ಗಂಡು ಮಗು ಆದದ್ದು ಬೇರೆಯವರ ಬಾಯಲ್ಲಿ ತಿಳಿಯಿತು. ಮಗಳು ಹಬ್ಬಕ್ಕೂ ಬರಲಿಲ್ಲ. ಕರೆಯದೆ ಬೀಗರ ಮನೆಗೆ ಹೋಗುವುದು ಹೇಗೆ ಅಂತ ನಾನೂ ಬಿಗಿದುಕೊಂಡು ಕೂತೆ.

ಐದಾರು ವರ್ಷ ಹಾಗೇ ಹೋಯಿತು. ಆಗ ಶಾಲೆಯ ಮಗ್ಗುಲ ಕೋಣೆಗೆ ಕಂಪ್ಯೂಟರು ಬಂತು. ಪಾಠವೆಲ್ಲ ಇಂಟರ್ನೆಟ್ಟಿನಲ್ಲಿ, ಫೋನಿನ ತಂತಿಯಲ್ಲಿ ಬರುವುದು. ಮಕ್ಕಳಿಗೆ ಲೆಕ್ಕ, ಇಂಗ್ಲಿಷು. ನನ್ನಂಥವರಿಗೆ ಅ ಆ. ಮಾಸ್ತರರು ಇಲ್ಲ, ಬಾಗಿಲು ತೆಗೆಯಲು ಒಬ್ಬಳು ಹುಡುಗಿ ಮಾತ್ರ. "ನಿಮ್ಗೆ ಪುರ್ಸೊತ್ತಾದಾಗ ಬನ್ನಿ, ಅದು ಕಾಯ್ತದೆ" ಅಂದಳು.

ಒಡತಿಗೆ ಗೊತ್ತಾಯಿತು. "ಮುದಿ ಎಮ್ಮೆಗೆ ಗೆಜ್ಜೆ ಕಟ್ಟಿರೆ ಕುಣಿತದ್ಯೇ?" ಅಂತ ಗದ್ದೆಯಲ್ಲಿ ಎಲ್ಲರೆದುರು ನಕ್ಕಳು. ಮಾರನೆಯ ದಿನವೇ ಹೋಗಿ ಕೂತೆ.

ಯಂತ್ರದ ಗುಣ ಹೇಳಿಬಿಡುತ್ತೇನೆ. ಅದು ನಗುವುದಿಲ್ಲ. 'ಳ' ಅಕ್ಷರವನ್ನು ನಲವತ್ತು ಸಲ ಕೇಳಿದೆ, ನಲವತ್ತನೆಯ ಸಲವೂ ಮೊದಲ ಸಲದ ದನಿಯಲ್ಲೇ ಹೇಳಿತು. ಯಾವ ಮಾಸ್ತರ ಹೇಳುತ್ತಾನೆ? ಅವನ ಕೋಲು ಮೂರನೆಯ ಸಲಕ್ಕೇ ಏಳುತ್ತದೆ. ಕೈಯ ಮಣ್ಣು ತೊಳೆದು ಹೋದ ಹೊತ್ತೇ ನನ್ನ ಶಾಲೆ.

ಅವಗುಣವೂ ಇದೆ. ಆನೆಯ ಚಿತ್ರ ತೋರಿಸಿ ಪದ ಆರಿಸು ಅಂದರೆ, ನಾನು ಓದುತ್ತಲೇ ಇರಲಿಲ್ಲ. ಒಂದೊಂದನ್ನೇ ಒತ್ತುವುದು, ಸರಿಯಾದದ್ದು ಸಿಕ್ಕಿದರೆ ಅದು ಶಭಾಷ್ ಅನ್ನುವುದು. ಶಾಲೆಯ ಮಕ್ಕಳೂ ಇದೇ ಕಳ್ಳಾಟ ಆಡುತ್ತಿದ್ದವು. ಚುರುಕಿನವು ಮುಂದೆ ಓಡಿದವು. ಮಂದದವು ತಮಗೆ ಆಗಲೇ ಬರುವ ಪಾಠವನ್ನೇ ದಿನಾ ತೆಗೆದು ಶಭಾಷ್ ತಿಂದುಕೊಂಡು ಕೂತವು. ಒಂದು ಮಳೆಗಾಲ ನಾನು ಎರಡು ತಿಂಗಳು ಹೋಗಲೇ ಇಲ್ಲ. ಯಾಕೆ ಬರಲಿಲ್ಲ ಅಂತ ಯಂತ್ರ ಕೇಳಲಿಲ್ಲ. ಕಾಯುವುದು ಅಂದರೆ ಅಷ್ಟೇ. ಮತ್ತೆ ಹೋದಾಗ ಚಿತ್ರದ ಮೇಲೆ ಹಲಸಿನ ಎಲೆ ಅಂಟಿಸಿ, ಮೊದಲು ಪದಗಳನ್ನೆಲ್ಲ ಓದಿ, ಆಮೇಲೆ ಎಲೆ ತೆಗೆದು ನೋಡಿ ಕಲಿತೆ.

ಎಲ್ಲ ಪಾಠ ಮುಗಿಸಿದ ದಿನ ಮನೆಗೆ ಬಂದು ಡಬ್ಬಿಯಿಂದ ಮಗಳ ಕಾಗದ ತೆಗೆದೆ. ಒಂದಕ್ಷರ ತಿಳಿಯಲಿಲ್ಲ! ಯಂತ್ರ ತೋರಿಸಿದ್ದು ಅಚ್ಚಿನ ಅಕ್ಷರ, ದುಂಡಗೆ, ಬಿಡಿಬಿಡಿ. ಮಗಳದ್ದು ಅವಸರದ ಕೈ, ಒಂದರ ಬಾಲ ಇನ್ನೊಂದರ ಬಾಯಲ್ಲಿ. ಕೈಬರಹ ಎಂಬುದೊಂದಿದೆ ಅಂತ ಅದಕ್ಕೂ ಗೊತ್ತಿಲ್ಲ, ನಾನೂ ಕೇಳಿರಲಿಲ್ಲ.

ಆದರೆ ಕಾಗದಗಳು ಬಾಯಿಪಾಠ ಇದ್ದವಲ್ಲ. ಬಾಯಲ್ಲಿ ಹೇಳುತ್ತ ಒಂದೊಂದು ಪದದ ಮೇಲೆ ಬೆರಳಿಟ್ಟೆ. ಹೀಗೆ ಮಗಳ ಕೈ ಕಲಿತೆ. ನೀರುಳ್ಳಿ ಕಾಲದ ಆ ಕಾಗದಕ್ಕೆ ಬಂದೆ. ಸೌಖ್ಯ ಆಯಿತು, ಹಂದಿ ಆಯಿತು. ನನ್ನ ಬಾಯಿಪಾಠ ಮುಗಿಯಿತು, ಕಾಗದ ಮುಗಿಯಲಿಲ್ಲ. ಕೆಳಗೆ ಇನ್ನೂ ಮೂರು ಸಾಲು.

ಆ ಮೂರು ಸಾಲು ಬಿಡಿಸಲು ನನಗೆ ಎಂಟು ದಿನ ಬೇಕಾಯಿತು.

ಒಂಬತ್ತನೆಯ ದಿನ ಒಡತಿಯ ಜಗಲಿಯಲ್ಲಿ ಸ್ವಸಹಾಯ ಸಂಘದ ಹೆಂಗಸರು ಸೇರಿದ್ದರು. ಕಾಗದ ಕೊಟ್ಟೆ. "ಹಳೇದು, ಒಂದ್ಸಲ ಓದಿ ಒಡ್ತಿ. ಮಗಳ ನೆನಪಾಯ್ತು."

ಅವಳು ಕನ್ನಡಕ ಹಾಕಿ ಓದಿದಳು. ಸೌಖ್ಯ, ಹಂದಿ. ಮಡಚಿದಳು. "ಆತಲ್ಲ?"

"ಆಗ್ಲಿಲ್ಲ" ಅಂದೆ. ಮೆಟ್ಟಿಲು ಹತ್ತಿ ಅವಳ ಪಕ್ಕದಲ್ಲೇ ಕೂತು, ಬೆರಳಿಟ್ಟು ಓದಿದೆ. ಎಮ್ಮೆ ನಡೆದಷ್ಟೇ ನಿಧಾನ. ಯಾರಿಗೂ ಏಳಲು ಆಗಲಿಲ್ಲ. "ಅಬ್ಬೆ, ಅತ್ತೆ ಹಾಸಿಗೆ ಹಿಡಿದಿದ್ದಾರೆ. ಹೆರಿಗೆಗೆ ನೀನು ಬಂದು ಒಂದು ತಿಂಗಳು ಇರಬೇಕು. ನನಗೆ ಬೇರೆ ಯಾರೂ ಇಲ್ಲ."

ಒಡತಿಯ ಮುಖ ಬೂದಿಯಾಯಿತು. "ನೀ ಹೋಗಿದ್ರೆ ನೀರುಳ್ಳಿ ಹೆಣಿಯೂಕೆ ಯಾರಿದ್ರೇ ಆಗ?" ಅಂದಳು. ತಪ್ಪಾಯಿತು ಅನ್ನಲಿಲ್ಲ, ಅದನ್ನು ಅಂದಳು.

"ಇನ್ಮೇಲೆ ನಿನ್ನ ಜಡೆ ನೀನೇ ಹೆಣ್ಕ" ಅಂದೆ. ಮೊದಲ ಸಲ ಅವಳಿಗೆ ನೀನು ಅಂದದ್ದು. ಆ ವರ್ಷ ಒಬ್ಬ ಹೆಂಗಸೂ ಅವಳ ಗದ್ದೆಗೆ ಇಳಿಯದ ಹಾಗೆ ಮನೆಮನೆಗೆ ಹೋಗಿ ಹೇಳಿ ಬಂದೆ. ಹೇಳುವಾಗ ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಬಸ್ಸು ಹತ್ತಿದೆ. ಹೊನ್ನಾವರದಲ್ಲಿ ಇಳಿದು ಭಟ್ಕಳದ ಬಸ್ಸು ಹಿಡಿದು ಹೆಬಳೆಗೆ ಹೋದೆ. ಮಗಳ ಮುಂದೆ ಎಲ್ಲ ಹೇಳಿದೆ, ಕಲಿತದ್ದು, ಓದಿದ್ದು, ಒಡತಿಯ ಮುಖ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಇಷ್ಟೆಲ್ಲ ಕಲಿತ್ಯಲೆ ಅಬ್ಬೆ" ಅಂದಳು, "ಆಗ್ಲೇ ಒಂದ್ಸಲ ಬಂದು ಎಂತ ಆತು ಅಂತ ಕೇಳೂಕೆ ಆಗ್ಲಿಲ್ವ?"

ಬಸ್ಸು ಆಗಲೂ ಓಡುತ್ತಿತ್ತು.

ಒಡತಿಯನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ನನ್ನನ್ನು ಕ್ಷಮಿಸುವುದು ಮಗಳಿಗೆ ಬಿಟ್ಟದ್ದು. ಅವಳು ಆ ಮಾತು ಇನ್ನೂ ಎತ್ತಿಲ್ಲ.