ನಿಲ್ಲದ ಜಿಗಣೆ ಗಾಯ

ಜಿಗಣೆ ಕಚ್ಚಿತು ಅಂತ ಆಸ್ಪತ್ರೆಗೆ ಹೋದವರನ್ನು ಬೆಳಗೋಡಿನ ಕಡೆ ಯಾರಾದರೂ ಕಂಡಿದ್ದಾರೆಯೇ? ಮಳೆಗಾಲದಲ್ಲಿ ಕಾಫಿ ತೋಟಕ್ಕೆ ಇಳಿದವರ ಕಾಲಲ್ಲಿ ರಕ್ತ ಸುರಿಯುವುದು ಮಾಮೂಲು. ಬೀಡಿ ಕಟ್ಟಿನ ಕಾಗದ ಹರಿದು ಗಾಯಕ್ಕೆ ಅಂಟಿಸಿದರೆ ಮುಗಿಯಿತು.

ಅಪ್ಪನ ಕಾಲಿಗೂ ಹಾಗೇ ಅಂಟಿಸಿದ್ದೆವು. ಊಟಕ್ಕೆ ಕೂತಾಗ ಕಾಗದ ತೊಯ್ದು ಕೆಳಗೆ ಬಿದ್ದಿತ್ತು. ಅವ್ವ ಸುಣ್ಣ ಮೆತ್ತಿದಳು. ಬೆಳಿಗ್ಗೆ ನೋಡಿದರೆ ಚಾಪೆಯೆಲ್ಲ ರಕ್ತ.

"ದೊಡ್ಡ ಜಿಗಣೆನೇ ಇರ್ಬೇಕು ಕಣೇ, ಹೊಟ್ಟೆ ತುಂಬ ಕುಡ್ದೈತೆ" ಎಂದು ಅಪ್ಪ ನಕ್ಕ.

"ಹಲ್ಲು ಕಿರೀಬೇಡ, ಎದ್ದು ಹೊರಡು" ಎಂದು ರೇಗಿ ಸಕಲೇಶಪುರದ ಬಸ್ಸು ಹತ್ತಿಸಿದೆ. ಭಯವಾದರೆ ನಾನು ರೇಗುತ್ತೇನೆ.

ಡಾಕ್ಟರು ಗಾಯಕ್ಕಿಂತ ಹೆಚ್ಚಾಗಿ ಕಣ್ಣು ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆಸಿದರು. ರಿಪೋರ್ಟು ಬಂದ ಮೇಲೆ ನನ್ನೊಬ್ಬಳನ್ನೇ ಒಳಗೆ ಕರೆದರು.

"ರಕ್ತ ಹೆಪ್ಪುಗಟ್ಟಿಸೋ ಕಣ ಇರುತ್ತಲ್ಲಮ್ಮ, ಪ್ಲೇಟ್‌ಲೆಟ್ಟು, ಅದು ತುಂಬ ಕಡಿಮೆ ಇದೆ. ಲಿವರ್ ಕೆಟ್ಟರೂ ಹೀಗಾಗುತ್ತೆ. ಹಿಂದೆ ಕಾಮಾಲೆ ಬಂದಿತ್ತಾ?"

ಬಂದಿತ್ತು. ನಾಟಿ ಮದ್ದು ಕುಡಿದು, ಉಪ್ಪು ಬಿಟ್ಟು ಪಥ್ಯ ಮಾಡಿ, ಕಣ್ಣಿನ ಹಳದಿ ಹೋದ ಮೇಲೆ ವಾಸಿಯಾಯಿತು ಅಂದುಕೊಂಡಿದ್ದೆವು.

ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ಗಡ್ಡೆ ಕಂಡಿತು. ಮುಂದಿನ ಪರೀಕ್ಷೆಗಳಾದ ಮೇಲೆ ಕ್ಯಾನ್ಸರ್ ಎಂದರು. "ಆಪರೇಷನ್ ಮಾಡಿ ತೆಗೆದುಬಿಡಿ ಸಾರ್" ಎಂದೆ. ಈ ರಕ್ತ ಇಟ್ಟುಕೊಂಡು ಕೊಯ್ದರೆ ನಿಲ್ಲಿಸುವುದು ಕಷ್ಟ, ಕಣ ಏರಿದರೆ ನೋಡೋಣ ಎಂದರು.

ಅಪ್ಪನಿಗೂ ಅವ್ವನಿಗೂ ರಕ್ತ ಕಮ್ಮಿಯಾಗಿದೆ ಅಂತಷ್ಟೇ ಹೇಳಿದೆ. ಆಮೇಲೆ ಮತ್ತೆ ಮತ್ತೆ ರಕ್ತ ಪರೀಕ್ಷೆ. ಲ್ಯಾಬಿನವನು ಬಾಗಿಲಿಗೆ ಬಂದು ಹೆಸರು ಕೂಗಿದರೆ ಸಾಕು, ಇಷ್ಟು ಹೊತ್ತಾ ಅಂತ ಅವನ ಮೇಲೆ ರೇಗುತ್ತಿದ್ದೆ. ಒಂದು ಸಲ ಕಣ ಸ್ವಲ್ಪ ಏರಿತ್ತು. ಅವತ್ತು ಹೋಟೆಲಿನಲ್ಲಿ ಅಪ್ಪನೂ ನಾನೂ ಮಸಾಲೆ ದೋಸೆ ತಿಂದೆವು. ಮುಂದಿನ ಸಲ ಎಷ್ಟು ಇಳಿದಿತ್ತೆಂದರೆ, ಡಾಕ್ಟರು ಇನ್ನು ಆಪರೇಷನ್ ಮಾತು ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು.

ಬಸ್ಸಿಳಿದು ಬಂದರೆ, ಅವ್ವ ಅಂಗಳದಿಂದ ತೋಟದವರೆಗೂ ಅಪ್ಪ ಓಡಾಡುವ ದಾರಿಗೆ ಸುಣ್ಣದ ಪುಡಿ ಚೆಲ್ಲುತ್ತಿದ್ದಳು.

"ಈ ಹಾಳು ಜಿಗಣೆ ಇನ್ನೊಂದು ಕಚ್ದೆ ಇದ್ರೆ ಸಾಕು ಕಣೇ, ನಿಮ್ಮಪ್ಪ ಉಳ್ಕತಾರೆ."

ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಪ್ಪ ನನ್ನ ಕೈ ಹಿಡಿದು ಅದುಮಿ ಪಿಸುಗುಟ್ಟಿದ.

"ನಂಗೆಲ್ಲ ಗೊತ್ತೈತೆ. ಅವಳು ಸುಣ್ಣ ಹಾಕ್ಲಿ, ಸುಮ್ನಿರು."